ಕೃಷ್ಣೆಯ ಗಡ್ಡೆಗಳು, ಕೃಷ್ಣೆಯ ಲಂಕೆಗಳು

ಕೃಷ್ಣಾ ನದಿಯ ನಡುವೆ ನೀರು ಬಿಟ್ಟುಕೊಟ್ಟ ನೆಲವನ್ನು ರಾಯಚೂರು ಸೀಮೆಯ ಕನ್ನಡಿಗರು ‘ಗಡ್ಡೆ’ ಎಂದು ಕರೆಯುತ್ತಾರೆ. ಅದೇ ನದಿ ತೆಲುಗು ನಾಡನ್ನು ಹೊಕ್ಕು ಕಡಲ ಕಡೆಗೆ ಇಳಿಯುವಾಗ ಅಂಥ ನೆಲಕ್ಕೆ ‘ಲಂಕ’ ಎಂಬ ಹೆಸರು ಬರುತ್ತದೆ. ವಿಜಯವಾಡದ ಒಂದು ದೊಡ್ಡ ಬಡಾವಣೆಯ ಹೆಸರೇ ಕೃಷ್ಣಲಂಕ. ಎರಡು ಮಾತುಗಳೂ ಸೂಚಿಸುವುದು ಒಂದನ್ನೇ: ಸುತ್ತ ನೀರು, ನಡುವೆ ಸ್ವಲ್ಪ ಮಣ್ಣು, ದಾಟಲು ದೋಣಿ. ಇಂಥ ನೆಲಗಳನ್ನು ಚರಿತ್ರೆಯ ಪುಸ್ತಕಗಳು ಸಾಮಾನ್ಯವಾಗಿ ಗಮನಿಸುವುದಿಲ್ಲ. ರಾಜಧಾನಿಗಳು ದಡದಲ್ಲಿ ಹುಟ್ಟುತ್ತವೆ, ಯುದ್ಧಗಳು ಬಯಲಿನಲ್ಲಿ ನಡೆಯುತ್ತವೆ. ನಡುಗಡ್ಡೆಗೆ ಉಳಿಯುವುದು ಹೆಚ್ಚೆಂದರೆ ವಿಹಾರತಾಣವೆಂಬ ಪಟ್ಟ. ಆದರೆ ವಿಜಯವಾಡದ ಭವಾನಿ ದ್ವೀಪವನ್ನು ಕುರಿತು ಯೋಚಿಸತೊಡಗಿದಂತೆ, ಆ ಪಟ್ಟದ ಅಡಿಯಲ್ಲಿ ಎಷ್ಟೊಂದು ಚರಿತ್ರೆ ಹೂತುಹೋಗಿದೆ ಎಂಬುದು ನಮಗೆ ತೋರುತ್ತಾ ಹೋಗುತ್ತದೆ. ಅದರಲ್ಲಿ ಕನ್ನಡಿಗರ ಪಾಲೂ ಸಣ್ಣದಲ್ಲ.

ಭವಾನಿ ದ್ವೀಪವಿರುವುದು ಪ್ರಕಾಶಂ ಬ್ಯಾರೇಜಿನ ಮೇಲುಭಾಗದಲ್ಲಿ, ಕನಕದುರ್ಗೆಯ ಇಂದ್ರಕೀಲಾದ್ರಿಗೆ ಪಡುವಲಲ್ಲಿ. ವಿಸ್ತಾರ ಸುಮಾರು 130 ಎಕರೆ. ದಡಕ್ಕೂ ದ್ವೀಪಕ್ಕೂ ನಡುವೆ ಸೇತುವೆಯಿಲ್ಲ. ಭವಾನಿಪುರದ ಕಡೆಯ ಘಟ್ಟಗಳಿಂದ ದೋಣಿ ಹತ್ತಿಯೇ ಹೋಗಬೇಕು. ಆಂಧ್ರಪ್ರದೇಶದ ಪ್ರವಾಸೋದ್ಯಮ ಇಲಾಖೆ ಅಲ್ಲಿ ಉದ್ಯಾನ, ಆಟದ ಬಯಲು, ತಂಗಲು ಕುಟೀರಗಳು ಇವನ್ನೆಲ್ಲ ಬೆಳೆಸಿದೆ. ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಹೋಗಿ ಸಂಜೆಯ ದೋಣಿಗೆ ಮರಳುವ ಕುಟುಂಬಗಳೇ ಹೆಚ್ಚು. ಕಾರ್ತಿಕ ಮಾಸದ ವನಭೋಜನದ ದಿನಗಳಲ್ಲಂತೂ ಘಟ್ಟಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನಗರದ ಗದ್ದಲದಿಂದ ಕೆಲವೇ ನಿಮಿಷಗಳ ದೂರದಲ್ಲಿ ಮರದ ನೆರಳು, ನಿಂತ ನೀರು, ಹಕ್ಕಿಗಳ ದನಿ. ಹೋದವರು ‘ಪ್ರಕೃತಿಯ ಮಡಿಲು’ ಎಂದು ವರ್ಣಿಸುವುದು ಸಹಜವೇ.

ಆದರೆ ಆ ನಿಂತ ನೀರು ಪ್ರಕೃತಿಯ ಕೊಡುಗೆಯಲ್ಲ. ಅದನ್ನು ನಿಲ್ಲಿಸಿದ್ದು ಒಂದು ಬರಗಾಲದ ನೆನಪು. 1832-33ರಲ್ಲಿ ಗುಂಟೂರು ಸೀಮೆಯನ್ನು ಕಾಡಿದ ಕ್ಷಾಮ ಜಿಲ್ಲೆಯ ಐದು ಲಕ್ಷ ಜನರಲ್ಲಿ ಸುಮಾರು ಎರಡು ಲಕ್ಷ ಮಂದಿಯನ್ನು ಬಲಿತೆಗೆದುಕೊಂಡಿತೆಂಬ ಅಂದಾಜಿದೆ. ಪಕ್ಕದಲ್ಲೇ ಕೃಷ್ಣೆ ಹರಿದು ಕಡಲು ಸೇರುತ್ತಿದ್ದಳು. ಅವಳ ನೀರನ್ನು ಹೊಲಕ್ಕೆ ತಿರುಗಿಸುವ ಉಪಾಯ ಮಾತ್ರ ಇರಲಿಲ್ಲ. ಗೋದಾವರಿಗೆ ಧವಳೇಶ್ವರದಲ್ಲಿ ಅಣೆಕಟ್ಟು ಕಟ್ಟಿಸಿ 1852ರಲ್ಲಿ ಮುಗಿಸಿದ ಆರ್ಥರ್ ಕಾಟನ್ನನ ಯೋಚನೆಯಂತೆ, ಕ್ಯಾಪ್ಟನ್ ಓರ್ ಎಂಬ ಎಂಜಿನಿಯರನ ಉಸ್ತುವಾರಿಯಲ್ಲಿ, ಕೃಷ್ಣೆಗೂ ಒಡ್ಡು ಕಟ್ಟುವ ಕೆಲಸ ಆರಂಭವಾಗಿ 1855ರಲ್ಲಿ ಮುಗಿಯಿತು. ಇದಕ್ಕೆ ಆರಿಸಿಕೊಂಡ ಜಾಗ ಉತ್ತರದ ಇಂದ್ರಕೀಲ ಬೆಟ್ಟಕ್ಕೂ ದಕ್ಷಿಣದ ಸೀತಾನಗರದ ಬೆಟ್ಟಕ್ಕೂ ನಡುವೆ ನದಿ ಕಿರಿದಾಗುವ ಕಂಡಿ. ಬೆಟ್ಟವೇ ಸೀಳಿ ನದಿಗೆ ದಾರಿ ಬಿಟ್ಟಿತೆಂದು ಸ್ಥಳಪುರಾಣ ಹೇಳುತ್ತದೆ. ‘ಬೆಜ್ಜ’ ಎಂದರೆ ರಂಧ್ರ, ಆದ್ದರಿಂದಲೇ ಊರಿಗೆ ಬೆಜವಾಡ ಎಂಬ ಹೆಸರೆಂದು ಜನ ವಿವರಿಸುತ್ತಾರೆ. ಈ ನಿರುಕ್ತಿಯ ಶಾಸ್ತ್ರೀಯತೆ ಏನೇ ಇರಲಿ, ಬೆಜ್ಜವೆಂಬ ಮಾತು ಹಳೆಯ ಕನ್ನಡಕ್ಕೂ ಅಪರಿಚಿತವಲ್ಲ. ಪುರಾಣದ ಕಣ್ಣಿಗೆ ಬಿದ್ದ ಕಂಡಿಯೇ ಎಂಜಿನಿಯರನ ಕಣ್ಣಿಗೂ ಬಿದ್ದಿತು ಎಂಬುದು ಗಮನಾರ್ಹ.

ಆ ಒಡ್ಡು ಒಂದು ಶತಮಾನದ ಹತ್ತಿರ ಬಾಳಿ 1952ರಲ್ಲಿ ಒಡೆಯಿತು. ಅದರ ಬಳಿಯೇ ಕಟ್ಟಿದ ಹೊಸ ಬ್ಯಾರೇಜು 1957ರಲ್ಲಿ ಬಳಕೆಗೆ ಬಂದು, ಆಂಧ್ರದ ಮೊದಲ ಮುಖ್ಯಮಂತ್ರಿ ಟಂಗುಟೂರಿ ಪ್ರಕಾಶಂ ಅವರ ಹೆಸರನ್ನು ಪಡೆಯಿತು. ಉದ್ದ ಸುಮಾರು 1,220 ಮೀಟರ್, ಗೇಟುಗಳು 70. ಅದು ಹಿಡಿದಿಡುವ ನೀರು ಮೂರು ಟಿಎಂಸಿಯಷ್ಟು ಮಾತ್ರ. ಆದರೆ ಅದರಿಂದ ಹೊರಡುವ ಕಾಲುವೆಗಳು ಕೃಷ್ಣಾ ಮುಖಜಭೂಮಿಯ 12 ಲಕ್ಷಕ್ಕೂ ಮಿಗಿಲಾದ ಎಕರೆಗಳಿಗೆ ನೀರುಣಿಸುತ್ತವೆ. ಬ್ಯಾರೇಜಿನ ಹಿಂದೆ ಕೆರೆಯಂತೆ ಹರಡಿದ ಈ ನೀರೇ ಭವಾನಿ ದ್ವೀಪವನ್ನು ಬೇಸಗೆಯಲ್ಲೂ ದ್ವೀಪವಾಗಿಸಿರುವುದು, ದೋಣಿಗಳಿಗೆ ವರ್ಷದ ಬಹುಪಾಲು ದಾರಿ ಮಾಡಿಕೊಟ್ಟಿರುವುದು. ಹಸಿದವರಿಗಾಗಿ ನಿಲ್ಲಿಸಿದ ನೀರಿನ ಮೇಲೆ ಇಂದು ನಾವು ವಿಹಾರ ಮಾಡುತ್ತಿದ್ದೇವೆ. ಇದರಲ್ಲಿ ತಪ್ಪೇನಿಲ್ಲ, ಆದರೆ ಆ ನೀರಿನ ಮೂಲವನ್ನು ಮರೆಯುವುದು ಸರಿಯಲ್ಲ.

ದ್ವೀಪದ ಎರಡೂ ಕಡೆಯ ದಡಗಳನ್ನು ನೋಡಿದರೆ ಇನ್ನೂ ಹಳೆಯ ಕಾಲದ ಗುರುತುಗಳು ಕಾಣುತ್ತವೆ. ದಕ್ಷಿಣಕ್ಕೆ ಉಂಡವಲ್ಲಿಯ ಗುಹಾಲಯ: ಒಂದೇ ಬೆಟ್ಟವನ್ನು ಕೊರೆದು ಮಾಡಿದ ನಾಲ್ಕು ಅಂತಸ್ತುಗಳು, ಒಳಗೆ ಬಂಡೆಯಲ್ಲೇ ಮೂಡಿದ ಅನಂತಶಯನ. ಕೆಳಗಿನ ಅಂತಸ್ತುಗಳ ವಿನ್ಯಾಸ ಶ್ರಮಣರ ವಿಹಾರಗಳನ್ನು ನೆನಪಿಸುತ್ತದೆ. ಉತ್ತರಕ್ಕೆ ಇಂದ್ರಕೀಲ. ಅರ್ಜುನ ಪಾಶುಪತಾಸ್ತ್ರಕ್ಕಾಗಿ ತಪಸ್ಸು ಮಾಡಿದ್ದು, ಬೇಡನ ವೇಷದ ಶಿವನೊಡನೆ ಹೋರಾಡಿದ್ದು ಇಲ್ಲೇ ಎಂಬುದು ಇಲ್ಲಿನವರ ನಂಬಿಕೆ. ಇಂದ್ರಕೀಲವೆಂಬ ಹೆಸರನ್ನು ಕೇಳಿದೊಡನೆ ಕನ್ನಡದ ಓದುಗನಿಗೆ ನೆನಪಾಗುವವನು ಪಂಪ. ಅರ್ಜುನನನ್ನೇ ನಾಯಕನನ್ನಾಗಿಸಿ 941ರಲ್ಲಿ ವಿಕ್ರಮಾರ್ಜುನ ವಿಜಯವನ್ನು ಮುಗಿಸಿದ ಈ ಕವಿಯ ಪೂರ್ವಿಕರು ವೇಂಗಿಮಂಡಲದ ವೆಂಗಿಪಳುವಿನವರು. ವೇಂಗಿಯೆಂದರೆ ಇಂದಿನ ಏಲೂರಿನ ಬಳಿಯ ಪೆದವೇಗಿ. ವಿಜಯವಾಡದಿಂದ ಒಂದೆರಡು ಗಂಟೆಯ ದಾರಿ. ಬನವಾಸಿಯನ್ನು ಅಷ್ಟೊಂದು ಪ್ರೀತಿಯಿಂದ ನೆನೆದ ಕವಿಯ ಮನೆತನದ ಬೇರು ಕೃಷ್ಣೆ-ಗೋದಾವರಿಗಳ ನಡುವಿನ ಈ ನೆಲದಲ್ಲಿತ್ತು ಎಂಬುದನ್ನು ನಾವು ಓದಿ ತಿಳಿದಿರುತ್ತೇವೆ. ಆದರೆ ಭೂಪಟದ ಮೇಲೆ ಬೆರಳಿಟ್ಟು ನೋಡಿಕೊಳ್ಳುವುದು ಅಪರೂಪ.

ಕನ್ನಡಿಗರು ಈ ದಡಕ್ಕೆ ಬಂದ ಕಥೆ ಪಂಪನಿಗಿಂತ ಮೂರು ಶತಮಾನ ಹಿಂದಿನದು. ರವಿಕೀರ್ತಿ ರಚಿಸಿದ 634ರ ಐಹೊಳೆಯ ಶಾಸನ ಇಮ್ಮಡಿ ಪುಲಕೇಶಿಯ ಪೂರ್ವ ದಿಗ್ವಿಜಯವನ್ನು ಹಾಡುವಾಗ ಪಿಷ್ಟಪುರದ ಕೋಟೆಯನ್ನೂ ಕುನಾಲದ ನೀರನ್ನೂ ಹೆಸರಿಸುತ್ತದೆ. ಪಿಷ್ಟಪುರ ಇಂದಿನ ಪಿಠಾಪುರ. ಕುನಾಲವೆಂದರೆ ವಿಜಯವಾಡಕ್ಕೂ ಏಲೂರಿಗೂ ಸಮೀಪದ ಕೊಲ್ಲೇರು ಸರೋವರವೆಂದು ವಿದ್ವಾಂಸರು ಗುರುತಿಸಿದ್ದಾರೆ. ಪುಲಕೇಶಿ ಗೆದ್ದ ನಾಡನ್ನು ಅವನ ತಮ್ಮ ಕುಬ್ಜ ವಿಷ್ಣುವರ್ಧನ ಆಳತೊಡಗಿ, ಅವನಿಂದ ಪೂರ್ವ ಚಾಲುಕ್ಯರ ವಂಶ ಬೆಳೆಯಿತು. ಅವನ ಒಂದು ತಾಮ್ರಶಾಸನ ದೊರೆತದ್ದು ಹಿಂದಿನ ವಿಶಾಖಪಟ್ಟಣ ಜಿಲ್ಲೆಯ ಚೀಪುರುಪಲ್ಲಿಯಲ್ಲಿ. ಬಾದಾಮಿಯ ಮನೆತನದ ಕೈ ಅಷ್ಟು ಬೇಗ ಕಳಿಂಗದ ಅಂಚಿನವರೆಗೆ ಚಾಚಿತ್ತು. ಆದರೆ ಬಂದವರು ಬಂದ ನೆಲದವರೇ ಆದರು. ಅವರ ಆಶ್ರಯದಲ್ಲಿ ಬೆಳೆದದ್ದು ತೆಲುಗು ನುಡಿ. ನನ್ನಯನ ಭಾರತ ಹುಟ್ಟಿದ್ದು ಇದೇ ವಂಶದ ರಾಜರಾಜನರೇಂದ್ರನ ಆಸ್ಥಾನದಲ್ಲಿ.

ಈ ಬೆರಕೆಯ ಒಂದು ಗಟ್ಟಿ ಸಾಕ್ಷಿ ವಿಜಯವಾಡದ ಮಲ್ಲೇಶ್ವರ ದೇವಾಲಯದಲ್ಲಿದೆ. ಪೂರ್ವ ಚಾಲುಕ್ಯ ಯುದ್ಧಮಲ್ಲನ ಬೆಜವಾಡ ಶಾಸನ ಕಾರ್ತಿಕೇಯನ ಗುಡಿ ಹಾಗೂ ಮಠವೊಂದನ್ನು ಕುರಿತದ್ದು; ನನ್ನಯನಿಗಿಂತ ಹಿಂದಿನ ತೆಲುಗು ಪದ್ಯಗಳನ್ನು ಉಳಿಸಿಕೊಟ್ಟ ಅಪೂರ್ವ ಬರಹ. ಅದರ ಛಂದಸ್ಸು ಮಧ್ಯಾಕ್ಕರ. ಕನ್ನಡದ ನಾಗವರ್ಮ ಛಂದೋಂಬುಧಿಯಲ್ಲಿ ಅಂಶಗಣದ ಅಕ್ಕರಗಳನ್ನು ಎಣಿಸುವಾಗ ಇದರ ಸೋದರನಾದ ನಡುವಣಕ್ಕರವನ್ನು ಹೇಳಿದ್ದಾನೆ. ಪಂಪ ಪಿರಿಯಕ್ಕರವನ್ನು ಬಳಸಿದ್ದಾನೆ. ಸಂಸ್ಕೃತದ ವೃತ್ತಗಳ ಪಕ್ಕದಲ್ಲಿ ದೇಸಿಯ ನಡೆಯನ್ನು ಉಳಿಸಿಕೊಳ್ಳುವ ಹಂಬಲ ನದಿಯ ಮೇಲುದಂಡೆಯಲ್ಲೂ ಕೆಳದಂಡೆಯಲ್ಲೂ ಒಂದೇ ಕಾಲಮಾನದಲ್ಲಿತ್ತು ಎಂದಾಯಿತು. ಕನ್ನಡ-ತೆಲುಗು ಸಾಹಿತ್ಯಗಳನ್ನು ಬೇರೆ ಬೇರೆ ಕಪಾಟುಗಳಲ್ಲಿಟ್ಟು ಓದುವ ನಮ್ಮ ಅಭ್ಯಾಸಕ್ಕೆ ಈ ಕಲ್ಲು ಒಂದು ಮೌನವಾದ ಆಕ್ಷೇಪ.

ಇಲ್ಲಿ ಬಂದು ಬೀಡುಬಿಟ್ಟವರಲ್ಲಿ ಅತ್ಯಂತ ಪ್ರಸಿದ್ಧನು ಕೃಷ್ಣದೇವರಾಯ. ‘ಬೀಡು’ ಎಂಬ ಮಾತನ್ನು ನಾವು ಬೇಕೆಂದೇ ಬಳಸುತ್ತಿದ್ದೇವೆ. ಇಂದು ಕ್ಯಾಂಪು ಎಂದರೆ ಗುಡಾರ, ಬೆಂಕಿ, ಹಾಡು. ಹಳಗನ್ನಡದ ಬೀಡು ದಂಡು ಇಳಿದ ತಾಣ. ಶಾಸನಗಳ ನೆಲೆವೀಡು ಅರಸ ತಂಗಿ ಆಳುವ ಸ್ಥಳ. ತಾತ್ಕಾಲಿಕವಾಗಿ ಇಳಿದದ್ದೇ ಕ್ರಮೇಣ ಊರಾಗುವುದುಂಟು. ಕಳಿಂಗದ ಗಜಪತಿಯ ಮೇಲಿನ ದಂಡಯಾತ್ರೆಯಲ್ಲಿ ರಾಯನು 1515ರಲ್ಲಿ ಕೊಂಡವೀಡನ್ನು ಹಿಡಿದು, ಕೃಷ್ಣೆಯನ್ನು ದಾಟಿ, ಕೊಂಡಪಲ್ಲಿಯ ಕೋಟೆಯನ್ನು ಮುತ್ತಿದ. ವಿಜಯವಾಡದಲ್ಲಿ ಕೆಲವು ದಿನ ತಂಗಿದ್ದು, ಅಲ್ಲಿಂದ ನದಿಯ ಕೆಳಗಿನ ಶ್ರೀಕಾಕುಳಕ್ಕೆ ಆಂಧ್ರವಿಷ್ಣುವಿನ ದರ್ಶನಕ್ಕೆ ಹೋದದ್ದನ್ನು ಆಮುಕ್ತಮಾಲ್ಯದದ ಪೀಠಿಕೆಯೇ ತಿಳಿಸುತ್ತದೆ. ಅಲ್ಲಿ ಕನಸಿನಲ್ಲಿ ಕಾಣಿಸಿಕೊಂಡ ದೇವರು ಈ ದೊರೆಯನ್ನು ಕನ್ನಡದ ರಾಯನೆಂದೇ ಕರೆದು, ತೆಲುಗಿನಲ್ಲಿ ಕಾವ್ಯ ಬರೆಯೆಂದು ಆಜ್ಞಾಪಿಸಿದನಂತೆ. ಸೇನೆ ಮುಂದುವರಿದು ವಿಶಾಖಪಟ್ಟಣದ ಬಳಿಯ ಸಿಂಹಾಚಲವನ್ನು ಸೇರಿತು. 1516ರಲ್ಲಿ ಅರಸನೂ ಅರಸಿಯರೂ ವರಾಹನರಸಿಂಹನಿಗೆ ಒಡವೆಗಳನ್ನು ಒಪ್ಪಿಸಿದ ಶಾಸನ ಅಲ್ಲಿದೆ. ವಿಜಯವಾಡದಿಂದ ವಿಶಾಖಪಟ್ಟಣಕ್ಕೆ ಇಂದು ರಾತ್ರಿಯ ರೈಲಿನಲ್ಲಿ ಮಲಗಿ ಹೋಗುವ ಯಾತ್ರಿಕರು ಸ್ಥೂಲವಾಗಿ ರಾಯನ ದಂಡಿನ ದಾರಿಯನ್ನೇ ಹಿಡಿದಿರುತ್ತಾರೆ.

ಬೀಡಿಗೆ ಇನ್ನೊಂದು ಬಗೆಯೂ ಉಂಟು. ಬೌದ್ಧ ಭಿಕ್ಷುಗಳು ಮಳೆಗಾಲದ ಮೂರು ತಿಂಗಳು ಸಂಚಾರ ನಿಲ್ಲಿಸಿ ಒಂದೆಡೆ ನೆಲೆನಿಲ್ಲುತ್ತಿದ್ದರು. ಕೃಷ್ಣೆಯ ಕಣಿವೆ ಇಂಥ ವರ್ಷಾವಾಸದ ತಾಣಗಳ ಸರಣಿ: ಭೀಮೆಯ ದಂಡೆಯ ನಮ್ಮ ಸನ್ನತಿ-ಕನಗನಹಳ್ಳಿ, ಅದರ ಕೆಳಗೆ ನಾಗಾರ್ಜುನಕೊಂಡ, ಮತ್ತೂ ಕೆಳಗೆ ಅಮರಾವತಿ. ಇವುಗಳಲ್ಲಿ ನಾಗಾರ್ಜುನಕೊಂಡವೂ ಇಂದು ದೋಣಿಯಲ್ಲಿ ಮಾತ್ರ ಮುಟ್ಟಬಹುದಾದ ದ್ವೀಪ. ಆದರೆ ಅದು ಹುಟ್ಟಾ ದ್ವೀಪವಲ್ಲ. ಮೂರು ಹಾಗೂ ನಾಲ್ಕನೆಯ ಶತಮಾನಗಳಲ್ಲಿ ಇಕ್ಷ್ವಾಕುಗಳ ರಾಜಧಾನಿ ವಿಜಯಪುರಿ ಇದ್ದ ಕಣಿವೆಯ ನಡುವೆ ಅದೊಂದು ಬೆಟ್ಟವಾಗಿತ್ತು. ನಾಗಾರ್ಜುನ ಸಾಗರದ ಅಣೆಕಟ್ಟಿಗೆ 1955ರ ಡಿಸೆಂಬರಿನಲ್ಲಿ ನೆಹರೂ ಅಡಿಗಲ್ಲು ಹಾಕಿದರು. ಮುಳುಗಲಿರುವ ಕಣಿವೆಯನ್ನು 1954ರಿಂದ 1960ರವರೆಗೆ ಪುರಾತತ್ತ್ವ ಇಲಾಖೆ ಅವಸರವಸರವಾಗಿ ಅಗೆಯಿತು. ಆಯ್ದ ಸ್ತೂಪ-ವಿಹಾರಗಳನ್ನು ಇಟ್ಟಿಗೆ ಇಟ್ಟಿಗೆಯಾಗಿ ಎತ್ತಿ ಬೆಟ್ಟದ ಮೇಲೂ ದಡದ ಅನುಪುವಿನಲ್ಲೂ ಮತ್ತೆ ಕಟ್ಟಿದರು. 1967ರಲ್ಲಿ ನಾಲೆಗಳಿಗೆ ನೀರು ಹರಿಯಿತು. ರಾಜಧಾನಿ ತಳ ಸೇರಿತು, ಬೆಟ್ಟದ ತಲೆ ವಸ್ತುಸಂಗ್ರಹಾಲಯವಾಗಿ ಉಳಿಯಿತು.

ಆ ಕಣಿವೆಯ ಶಾಸನಗಳಲ್ಲಿ ನಮ್ಮನ್ನು ತಡೆದು ನಿಲ್ಲಿಸುವ ಹೆಸರೊಂದಿದೆ: ಕೊಡಬಲಿಸಿರಿ. ಇಕ್ಷ್ವಾಕು ದೊರೆ ವೀರಪುರುಷದತ್ತನ ಮಗಳು, ಎಹುವುಲ ಚಾಂತಮೂಲನ ಸೋದರಿ, ವನವಾಸದ ಮಹಾರಾಜನ ಮಡದಿ. ವನವಾಸವೆಂದರೆ ನಮ್ಮ ಬನವಾಸಿ. ಬನವಾಸಿಯ ರಾಣಿಯಾದ ಈಕೆ ಸೋದರನ ಆಳ್ವಿಕೆಯ ಹನ್ನೊಂದನೆಯ ವರ್ಷದಲ್ಲಿ ತವರಿನಲ್ಲಿ ಮಹೀಶಾಸಕ ಪಂಥದ ಆಚಾರ್ಯರಿಗಾಗಿ ವಿಹಾರವನ್ನು ಕಟ್ಟಿಸಿ ಕಂಬ ನೆಡಿಸಿದಳು. ಬೋಧಿಸಿರಿ ಎಂಬ ಇನ್ನೊಬ್ಬ ಉಪಾಸಿಕೆಯ ಶಾಸನ, ಧರ್ಮಪ್ರಸಾರ ನಡೆದ ನಾಡುಗಳನ್ನು ಎಣಿಸುತ್ತಾ ಕಾಶ್ಮೀರ, ಗಾಂಧಾರ, ಚೀನಾಗಳ ಸಾಲಿನಲ್ಲೇ ವನವಾಸಿಯನ್ನೂ ಸೇರಿಸುತ್ತದೆ. ಕದಂಬ ಮಯೂರಶರ್ಮನಿಗಿಂತ ಹಿಂದಿನ ಬನವಾಸಿಯ ಬಗ್ಗೆ ನಮಗಿರುವ ಆಧಾರಗಳು ಬೆರಳೆಣಿಕೆಯವು. ಅವುಗಳಲ್ಲೊಂದು ದೂರದ ಈ ಕಣಿವೆಯಲ್ಲಿ ದೊರೆಯಿತು. ಅಗೆಯದೆ ಮುಳುಗಿಸಿದ್ದರೆ ನಮ್ಮ ಚರಿತ್ರೆಯ ಒಂದು ಪುಟವೂ ಅವರ ನೀರಿನ ಅಡಿಗೆ ಹೋಗುತ್ತಿತ್ತು.

ಮುಳುಗಡೆಯ ಮಾತು ಬಂದಾಗ ಕೂಡಲಸಂಗಮವನ್ನು ನೆನೆಯದಿರಲಾಗದು. ನಾರಾಯಣಪುರದ ಹಿನ್ನೀರು ಏರಿದಾಗ ಬಸವಣ್ಣನವರ ಐಕ್ಯಸ್ಥಳವನ್ನು ಉಳಿಸಲು ಸುತ್ತ ಬಾವಿಯಂಥ ಗೋಡೆ ಎತ್ತಬೇಕಾಯಿತು. ಈಗ ಭಕ್ತರು ನದಿಯ ನೀರಿನ ಮಟ್ಟಕ್ಕಿಂತ ಕೆಳಗಿಳಿದು ದರ್ಶನ ಪಡೆಯುತ್ತಾರೆ. ನಾಗಾರ್ಜುನಕೊಂಡದಲ್ಲಿ ಚರಿತ್ರೆಯನ್ನು ನೀರಿನ ಮೇಲೆತ್ತಿದರೆ ಇಲ್ಲಿ ನೀರನ್ನೇ ಅತ್ತ ಸರಿಸಿದರು. ಆಲಮಟ್ಟಿಗಾಗಿ ಹಳೆಯ ಬಾಗಲಕೋಟೆಯ ಬೀದಿಗಳು ಹೋದವು. ಅವುಗಳಿಗೆ ಗೋಡೆಯೂ ಇಲ್ಲ, ಗುಡ್ಡವೂ ಇಲ್ಲ.

ಇನ್ನು ಕೃಷ್ಣೆಯ ಕನ್ನಡ ಪಾಲಿನ ಗಡ್ಡೆಗಳು. ರಾಯಚೂರಿನ ಬಳಿಯ ಕುರುವಪುರ ದತ್ತ ಸಂಪ್ರದಾಯದ ಪವಿತ್ರ ನಡುಗಡ್ಡೆ. ಅಲ್ಲಿ ತಪಸ್ಸು ಮಾಡಿದ ಶ್ರೀಪಾದ ಶ್ರೀವಲ್ಲಭರು ಹುಟ್ಟಿದ್ದು ಪಿಠಾಪುರದಲ್ಲಿ, ಅಂದರೆ ಪುಲಕೇಶಿ ಗೆದ್ದ ಪಿಷ್ಟಪುರದಲ್ಲಿ. ಖಡ್ಗ ಪಡುವಣದಿಂದ ಮೂಡಣಕ್ಕೆ ಹೋದ ದಾರಿಯಲ್ಲಿ ಏಳು ಶತಮಾನಗಳ ಬಳಿಕ ಸಂತನೊಬ್ಬ ಹಿಂದಿರುಗಿ ಬಂದ. ಅವರ ಗಡ್ಡೆಗೆ ಭಕ್ತರು ತಲೆಮಾರುಗಳಿಂದ ಹರಿಗೋಲಿನಲ್ಲಿ ದಾಟಿದ್ದಾರೆ. ಬಿದಿರು-ಬೆತ್ತದ ಬುಟ್ಟಿಗೆ ತೊಗಲು ಹೊದಿಸಿದ ಈ ದುಂಡು ದೋಣಿಯನ್ನು 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯೆಸ್ ಬೆರಗಿನಿಂದ ವರ್ಣಿಸಿದ್ದಾನೆ; ಹದಿನೈದು ಇಪ್ಪತ್ತು ಜನರನ್ನೂ, ಬೇಕಾದರೆ ಕುದುರೆ-ಎತ್ತುಗಳನ್ನೂ ಅದು ಹೊರುತ್ತಿತ್ತಂತೆ. ಲಿಂಗಸುಗೂರು ತಾಲ್ಲೂಕಿನ ಗಡ್ಡೆಗಳಲ್ಲಿ ಮಾತ್ರ ದೋಣಿ ಭಕ್ತಿಗೂ ಅಲ್ಲ, ವಿಹಾರಕ್ಕೂ ಅಲ್ಲ. ನಾರಾಯಣಪುರದಿಂದ ನೀರು ಬಿಟ್ಟಾಗ ಶೀಲಹಳ್ಳಿಯ ಸೇತುವೆ ಮುಳುಗುತ್ತದೆ. ಆಚೆಯ ಹಳ್ಳಿಗಳ ಬಸುರಿಯರು, ರೋಗಿಗಳು, ಶಾಲೆಯ ಮಕ್ಕಳು ನೀರು ಇಳಿಯುವುದನ್ನೇ ಕಾಯಬೇಕು. ಒಂದೇ ನದಿಯಲ್ಲಿ ಒಬ್ಬರಿಗೆ ದೋಣಿಯ ದಾರಿ ರಜಾದಿನದ ಸಂತೋಷ, ಇನ್ನೊಬ್ಬರಿಗೆ ವರ್ಷವರ್ಷದ ಸಂಕಟ.

ಸಂತೋಷದ ದೋಣಿಯೂ ಯಾವಾಗಲೂ ಸುರಕ್ಷಿತವಲ್ಲ. 2017ರ ನವೆಂಬರ್ 12, ಕಾರ್ತಿಕದ ಭಾನುವಾರ. ಭವಾನಿ ದ್ವೀಪದ ಕಡೆಯಿಂದ ಇಬ್ರಾಹಿಂಪಟ್ಟಣದ ಪವಿತ್ರ ಸಂಗಮಕ್ಕೆ ಸಂಜೆಯ ಆರತಿ ನೋಡಲು ಹೊರಟಿದ್ದ ದೋಣಿ ಮಗುಚಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು, ಹೆಚ್ಚಿನವರು ಒಂಗೋಲಿನವರು. ದೋಣಿಗೆ ಪರವಾನಗಿ ಇರಲಿಲ್ಲ, ಬಹಳ ಜನರ ಮೈಮೇಲೆ ಜೀವರಕ್ಷಕ ಅಂಗಿ ಇರಲಿಲ್ಲ. 2019ರ ಸೆಪ್ಟೆಂಬರಿನಲ್ಲಿ ಗೋದಾವರಿಯ ಕಚ್ಚುಲೂರಿನ ಬಳಿ ಪ್ರವಾಸಿಗರ ದೋಣಿ ಮುಳುಗಿ ಸುಮಾರು ಐವತ್ತು ಜನ ಹೋದರು. ಅದೇ ವರ್ಷದ ಜನವರಿ 21ರಂದು ನಮ್ಮ ಕಾರವಾರದಲ್ಲಿ, ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಯ ದಿನ, ದೋಣಿ ಮಗುಚಿ 16 ಮಂದಿ ಅಸುನೀಗಿದರು. ಮೂರೂ ಕಡೆ ಜನ ಹೊರಟಿದ್ದು ದೇವರ ಅಥವಾ ಚೆಲುವಿನ ದರ್ಶನಕ್ಕೆ. ದುರಂತದ ಮರುದಿನ ತನಿಖೆ, ನಿಷೇಧ, ಹೊಸ ನಿಯಮ. ಕೆಲವು ತಿಂಗಳ ಬಳಿಕ ಘಟ್ಟದಲ್ಲಿ ಮತ್ತೆ ಅದೇ ನೂಕುನುಗ್ಗಲು. ದೋಣಿಯಿಂದಲೇ ಮುಟ್ಟಬೇಕಾದ ತಾಣವೊಂದನ್ನು ಪ್ರವಾಸಕ್ಕೆ ತೆರೆಯುವುದೆಂದರೆ ಉದ್ಯಾನ ಬೆಳೆಸುವುದು ಮಾತ್ರವಲ್ಲ. ದಾಟುವವರ ಜೀವದ ಹೊಣೆ ಹೊರುವುದೂ ಹೌದು. ಹಳೆಯ ಅಂಬಿಗನಿಗೆ ತನ್ನ ಹರಿಗೋಲು ಎಷ್ಟು ಹೊರುತ್ತದೆಂಬುದು ತಿಳಿದಿತ್ತು. ತಿಳಿಯದಿದ್ದರೆ ಅವನೂ ಮುಳುಗುತ್ತಿದ್ದ. ಟಿಕೆಟ್ಟಿನ ಲೆಕ್ಕ ದೋಣಿಯಿಂದ ದೂರ ಕುಳಿತವರ ಕೈಗೆ ಹೋದಾಗ ಆ ಅರಿವು ತೆಳುವಾಗುತ್ತದೆ.

ಕೊನೆಯದಾಗಿ ನೆರೆ. 2009ರ ಸೆಪ್ಟೆಂಬರ್ ಕೊನೆಯಲ್ಲಿ ಉತ್ತರ ಕರ್ನಾಟಕದಲ್ಲಿ ಸುರಿದ ಮಳೆ ವಿಜಯಪುರ, ಬಾಗಲಕೋಟೆ, ರಾಯಚೂರುಗಳ ಹಳ್ಳಿಗಳನ್ನು ಕೆಡವಿತು. ತುಂಗಭದ್ರೆ ಮಂತ್ರಾಲಯವನ್ನೂ ಕರ್ನೂಲನ್ನೂ ಹೊಕ್ಕಳು. ಅಕ್ಟೋಬರ್ ಮೊದಲ ವಾರದಲ್ಲಿ ಆ ನೀರೇ 11 ಲಕ್ಷ ಕ್ಯೂಸೆಕ್‌ನ ಆಸುಪಾಸಿನಲ್ಲಿ ಪ್ರಕಾಶಂ ಬ್ಯಾರೇಜನ್ನು ದಾಟಿತು. 2024ರ ಸೆಪ್ಟೆಂಬರ್ ಆರಂಭದಲ್ಲಿ ಆ ದಾಖಲೆಯೂ ಮುರಿದು 11.43 ಲಕ್ಷ ಕ್ಯೂಸೆಕ್ ಹರಿಯಿತು. ಲಂಗರು ಕಳಚಿ ತೇಲಿಬಂದ ದೊಡ್ಡ ದೋಣಿಗಳು ಬ್ಯಾರೇಜಿನ ಗೇಟುಗಳ ಪ್ರತಿಭಾರಗಳಿಗೆ ಬಡಿದು ಹಾನಿ ಮಾಡಿದವು. ಇಂಥ ನೆರೆಗಳಲ್ಲಿ ಭವಾನಿ ದ್ವೀಪವೂ ನೀರಿನಡಿ ಹೋಗುತ್ತದೆ. ನೀರಿಳಿದ ಮೇಲೆ ಕೆಸರು ಬಳಿದು ಉದ್ಯಾನವನ್ನು ಮತ್ತೆ ಮೊದಲಿನಿಂದ ಕಟ್ಟಬೇಕು. ಲಂಕೆಗಳು ಹುಟ್ಟುವುದೇ ನೆರೆ ತಂದ ಮಣ್ಣಿನಿಂದ. ಅದನ್ನು ಕೊಟ್ಟ ನದಿ ಆಗಾಗ ಹಿಂದಕ್ಕೆ ಕೇಳುತ್ತದೆ.

ಬಚಾವತ್ ನ್ಯಾಯಮಂಡಳಿ ಕೃಷ್ಣೆಯ ನೀರನ್ನು ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಕ್ಕೆ 800 ಟಿಎಂಸಿ ಎಂದು ಹಂಚಿತು. ಹಂಚಿಕೆಯ ವ್ಯಾಜ್ಯ ಇಂದಿಗೂ ಮುಗಿದಿಲ್ಲ. ಬರಗಾಲದಲ್ಲಿ ನಾವು ಈ ಅಂಕಿಗಳನ್ನು ಹಿಡಿದು ಜಗಳವಾಡುತ್ತೇವೆ. ನೆರೆಯಲ್ಲಿ ಮಾತ್ರ ನದಿ ಯಾವ ಅಂಕಿಯನ್ನೂ ಕೇಳುವುದಿಲ್ಲ. ಆಲಮಟ್ಟಿಯ ಗೇಟು ಎಷ್ಟು ಹೊತ್ತಿಗೆ ತೆರೆಯಿತೆಂಬುದು ಕೃಷ್ಣಲಂಕದ ಮನೆಗಳಿಗೂ ಮುಖ್ಯವಾದ ಸುದ್ದಿ. ಕೊಡಬಲಿಸಿರಿ, ಪಂಪ, ಶ್ರೀಪಾದರು ನದಿಯ ಎರಡು ತುದಿಗಳನ್ನು ಒಂದೇ ನಾಡೆಂಬಂತೆ ಬಾಳಿದರು. ಅವರಿಗಿದ್ದ ಆ ನೋಟ ನೀರಿನ ವಿಷಯದಲ್ಲಿ ನಮಗೆ ಈಗ ಅವರಿಗಿಂತ ಹೆಚ್ಚು ಅಗತ್ಯ. ಭವಾನಿ ದ್ವೀಪಕ್ಕೆ ಹೋಗುವ ಕನ್ನಡಿಗರು ದೋಣಿಯ ಅಂಚಿನಿಂದ ಕೈ ಇಳಿಸಿದಾಗ ತಾಕುವ ನೀರಿನಲ್ಲಿ ಮಲಪ್ರಭೆ, ಘಟಪ್ರಭೆ, ಭೀಮೆ, ತುಂಗಭದ್ರೆಗಳೂ ಸೇರಿವೆ. ಅಲ್ಲಿ ನಾವು ಬೇರೆ ರಾಜ್ಯದ ಪ್ರವಾಸಿಗರು ಹೌದು. ಆ ನದಿಗೆ ಮಾತ್ರ ಹಳೆಯ ನೆಂಟರು.